ಮೆರ್ಸೆದೆಸ್: ಬೆಲೆ ತೆತ್ತು ಕೊಂಡ ದಯೆ

ಈ ಹೆಸರು ಕಿವಿಗೆ ಬಿದ್ದ ಕೂಡಲೇ ನಿಮ್ಮಲ್ಲಿ ಬಹುಪಾಲು ಜನರಿಗೆ ನೆನಪಾಗುವುದು ಮುಂಭಾಗದಲ್ಲಿ ಮೂರು ಮೊನೆಯ ನಕ್ಷತ್ರ ಹೊತ್ತ ಕಾರು. ಹಾಗಾಗಿ ಕಾರಿನ ವಿಷಯವನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಆಮೇಲೆ ಅದನ್ನು ಪಕ್ಕಕ್ಕಿಟ್ಟು, ಕಾರಿಗಿಂತ ಸುಮಾರು ಏಳುನೂರು ವರ್ಷ ಹಿಂದಕ್ಕೆ ಹೋಗೋಣ.

ಎಮಿಲ್ ಯೆಲ್ಲಿನೆಕ್ ಎಂಬ ವ್ಯಾಪಾರಿ ಇದ್ದ. ಆಸ್ಟ್ರಿಯಾದವನು, ಫ್ರಾನ್ಸಿನ ನೀಸ್ ಪಟ್ಟಣದ ಶ್ರೀಮಂತರಿಗೆ ಜರ್ಮನಿಯ ಡೈಮ್ಲರ್ ಕಂಪನಿಯ ಕಾರುಗಳನ್ನು ಮಾರುತ್ತಿದ್ದ. 1889ರಲ್ಲಿ ಹುಟ್ಟಿದ ಮಗಳಿಗೆ ಮೆರ್ಸೆದೆಸ್ ಎಂದು ಹೆಸರಿಟ್ಟಿದ್ದ. ಆ ಹೆಸರಿನ ಮೇಲೆ ಅವನಿಗೆ ಎಷ್ಟು ಮೋಹವಿತ್ತೆಂದರೆ 1899ರಲ್ಲಿ ನೀಸ್‌ನ ಕಾರು ಓಟಕ್ಕೆ ತನ್ನ ಹೆಸರನ್ನೇ ಬಿಟ್ಟು ‘ಮಸ್ಯೂ ಮೆರ್ಸೆದೆಸ್’ ಎಂದು ನೋಂದಾಯಿಸಿಕೊಂಡ. ಮರುವರ್ಷ 36 ಕಾರುಗಳಿಗೆ ಒಟ್ಟಿಗೆ ಬೇಡಿಕೆ ಕೊಟ್ಟು, ಹೊಸ ಎಂಜಿನ್ನಿಗೆ ಮಗಳ ಹೆಸರಿಡಬೇಕೆಂದು ಷರತ್ತು ಹಾಕಿದ. 1901ರಲ್ಲಿ ಆ ಕಾರು ನೀಸ್‌ನಲ್ಲಿ ಗೆದ್ದಿತು, 1902ರಲ್ಲಿ ಹೆಸರು ಕಂಪನಿಯ ಮುದ್ರೆಯಾಯಿತು, 1903ರಲ್ಲಿ ಅಪ್ಪ ತನ್ನ ಕುಲನಾಮದ ಜೊತೆ ಮಗಳ ಹೆಸರನ್ನು ಸೇರಿಸಿಕೊಂಡು ಯೆಲ್ಲಿನೆಕ್-ಮೆರ್ಸೆದೆಸ್ ಆದ. ಮಕ್ಕಳ ಹೆಸರಿನ ಹಿಂದೆ ಅಪ್ಪನ ಹೆಸರು ಬರುವುದನ್ನು ನಾವೆಲ್ಲ ಬಲ್ಲೆವು. ಇಲ್ಲಿ ಅಪ್ಪನೇ ಮಗಳ ಹೆಸರು ಹೊತ್ತ. ಇನ್ನೊಂದು ಸಂಗತಿಯನ್ನು ಗಮನಿಸಿ: ಯೆಲ್ಲಿನೆಕ್‌ನ ತಂದೆ ವಿಯೆನ್ನಾದ ಹೆಸರಾಂತ ಯಹೂದಿ ಧರ್ಮಗುರು. ಆ ಗುರುವಿನ ಮೊಮ್ಮಗಳು ಹೊತ್ತದ್ದು ಏಸುವಿನ ತಾಯಿ ಮರಿಯಮ್ಮನ ಒಂದು ಬಿರುದನ್ನು. ಹೆಸರುಗಳು ಮತದ ಗಡಿ ದಾಟುವುದಕ್ಕೆ ಯಾರ ಅಪ್ಪಣೆಯನ್ನೂ ಕಾಯುವುದಿಲ್ಲ. ಆ ಹುಡುಗಿ 1929ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡಳು.

ಕಾರಿನ ಕಥೆ ಇಷ್ಟೇ. ಇನ್ನು ಹೆಸರಿಗೆ ಬರೋಣ.

ಸ್ಪೇನಿನ ಬಹುಭಾಗದಲ್ಲಿ ಇದನ್ನು ‘ಮೆರ್‌ಥೇದೆಸ್’ ಎನ್ನುತ್ತಾರೆ, ನಾಲಿಗೆಯ ತುದಿ ಹಲ್ಲುಗಳ ನಡುವೆ ತಾಗಿಸಿ. ಅಮೆರಿಕ ಖಂಡದ ಸ್ಪ್ಯಾನಿಷ್ ಜನ ‘ಮೆರ್‌ಸೇದೆಸ್’ ಎನ್ನುತ್ತಾರೆ. ಮೂಲ ಲ್ಯಾಟಿನ್. ಅಲ್ಲಿ ‘ಮೆರ್ಕ್ಸ್’ ಅಂದರೆ ಸರಕು, ಮಾರಾಟದ ಮಾಲು. ಅದರಿಂದ ಬಂದದ್ದು ‘ಮೆರ್ಕೇಸ್’: ಕೂಲಿ, ಸಂಬಳ, ಮಾಡಿದ ಕೆಲಸಕ್ಕೆ ಸಲ್ಲಬೇಕಾದ ಹಣ. ನಾವು ದಿನಾ ಬಳಸುವ ‘ಮಾರ್ಕೆಟ್’ ಕೂಡ ಇದೇ ಬುಡದ್ದು. ಅಂದರೆ ದಯೆ, ಕರುಣೆ ಎಂದು ಇವತ್ತು ಅರ್ಥ ಹೇಳುವ ಈ ಹೆಸರು ಹುಟ್ಟಿದ್ದು ಸಂತೆಯಲ್ಲಿ, ಕೊಡು-ಕೊಳ್ಳುವ ಲೆಕ್ಕದಲ್ಲಿ. ನನ್ನ ಇಡೀ ಮಾತು ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಈ ಹೆಸರಿನೊಳಗಿನ ದಯೆ ಬಿಟ್ಟಿ ದಯೆಯಲ್ಲ. ಅದಕ್ಕೆ ಯಾರೋ ಬೆಲೆ ತೆತ್ತಿರುತ್ತಾರೆ.

ಕೂಲಿ ಹೇಗೆ ಕೃಪೆಯಾಯಿತು? ಲ್ಯಾಟಿನ್ ಬೈಬಲ್ಲಿನಲ್ಲಿ ಒಂದು ಸಾಮತಿ, ಅಂದರೆ ದೃಷ್ಟಾಂತದ ಕಥೆ ಇದೆ, ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯ. ದ್ರಾಕ್ಷಿ ತೋಟದ ಯಜಮಾನ ಬೆಳಗ್ಗೆ ಆಳುಗಳನ್ನು ಕರೆದು ತರುತ್ತಾನೆ, ಮಧ್ಯಾಹ್ನ ಇನ್ನಷ್ಟು ಜನರನ್ನು, ಹೊತ್ತು ಮುಳುಗಲು ಒಂದು ಗಂಟೆ ಇದೆ ಅನ್ನುವಾಗ ಮತ್ತಷ್ಟು ಜನರನ್ನು. ಸಂಜೆ ಎಲ್ಲರಿಗೂ ಒಂದೇ ಕೂಲಿ. ದಿನವಿಡೀ ಬಿಸಿಲಲ್ಲಿ ದುಡಿದವರು ಗೊಣಗುತ್ತಾರೆ. ಯಜಮಾನ ಅವರಿಗೆ ಹೇಳುವುದು ಇಷ್ಟು: ನಿನಗೆ ಒಪ್ಪಿದ್ದನ್ನು ಕೊಟ್ಟಿದ್ದೇನೆ, ನಾನು ಉದಾರಿಯಾದರೆ ನಿನಗೇಕೆ ಹೊಟ್ಟೆಯುರಿ? ಈ ಕಥೆಯಲ್ಲಿ ಕೂಲಿ ಎನ್ನುವುದಕ್ಕೆ ಬಳಕೆಯಾಗಿರುವ ಶಬ್ದ ‘ಮೆರ್ಕೇಸ್’. ಕಡೇ ಗಂಟೆಯಲ್ಲಿ ಬಂದವನ ಕೈಗೆ ಬಿದ್ದ ಆ ನಾಣ್ಯ ಕೂಲಿಯೋ, ಕೃಪೆಯೋ? ಎರಡೂ ಹೌದು. ಕ್ರೈಸ್ತರ ಲ್ಯಾಟಿನ್ನಿನಲ್ಲಿ ಆ ಶಬ್ದ ಮೆಲ್ಲಗೆ ಹೊರಳಿದ್ದು ಇಂಥ ಕಡೆಗಳಲ್ಲಿ. ಸ್ವರ್ಗದಲ್ಲಿ ಸಿಗುವ ಪ್ರತಿಫಲವೂ ‘ಮೆರ್ಕೇಸ್’, ದೇವರು ಲೆಕ್ಕ ನೋಡದೆ ಕೊಡುವುದೂ ‘ಮೆರ್ಕೇಸ್’. ಫ್ರೆಂಚರು ಕೃತಜ್ಞತೆ ಹೇಳುವಾಗ ‘ಮೆರ್ಸಿ’ ಎನ್ನುತ್ತಾರಲ್ಲ, ಅದೂ ಇದೇ. ಇಂಗ್ಲಿಷಿನ ಮರ್ಸಿಯೂ ಫ್ರೆಂಚಿನ ಮೂಲಕ ಹೋದದ್ದು. ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಮನೆಗಳಲ್ಲಿ ಮರ್ಸಿ ಎಂಬ ಹೆಸರು ನೀವು ಕೇಳಿರುತ್ತೀರಿ. ಮೆರ್ಸೆದೆಸ್‌ಳಿಗೆ ಆಕೆ ಬಳಗದವಳು.

ಸ್ಪ್ಯಾನಿಷಿನಲ್ಲಿ ಆ ಶಬ್ದ ‘ಮೆರ್ಸೆದ್’ ಆಯಿತು. ಬಹುವಚನ ‘ಮೆರ್ಸೆದೆಸ್’, ಅಂದರೆ ಕೃಪೆಗಳು. ಮಗುವಿಗೆ ಬಹುವಚನದ ಹೆಸರೇಕೆ ಅನ್ನಿಸಬಹುದು. ದಾಖಲೆಯಲ್ಲಿ ಪೂರ್ತಿ ಹೆಸರು ‘ಮರೀಯಾ ದೆ ಲಾಸ್ ಮೆರ್ಸೆದೆಸ್’, ಕೃಪೆಗಳ ಮರಿಯ. ಸ್ಪೇನಿನಲ್ಲಿ ಹೆಣ್ಣುಮಕ್ಕಳಿಗೆ ಮರಿಯಮ್ಮನ ಹೆಸರಿಡುವುದಷ್ಟೇ ಅಲ್ಲ, ಅವಳ ಯಾವ ರೂಪ, ಯಾವ ಬಿರುದು, ಯಾವ ಊರಿನ ಗುಡಿ ಎಂಬುದನ್ನೂ ಸೇರಿಸಿ ಇಡುತ್ತಾರೆ. ಕಾಲ ಕಳೆದಂತೆ ಮರಿಯ ಉದುರಿ ಬಿರುದೇ ಹೆಸರಾಗಿ ಉಳಿಯುತ್ತದೆ. ದೊಲೋರೆಸ್ ಅಂದರೆ ನೋವುಗಳು. ಸೊಲೆದಾದ್ ಅಂದರೆ ಒಂಟಿತನ. ಪಿಲಾರ್ ಅಂದರೆ ಕಂಬ. ಸರಗೋಸಾ ನಗರದಲ್ಲಿ ಕಂಬದ ಮೇಲೆ ನಿಂತ ಮಾತೆಯ ಮೂರ್ತಿ ಇದೆ. ರೊಸಾರಿಯೊ ಅಂದರೆ ಜಪಮಾಲೆ. ಪಿಲಾರ್, ರೊಸಾರಿಯೊ ಎರಡೂ ವ್ಯಾಕರಣದಲ್ಲಿ ಪುಲ್ಲಿಂಗ ಶಬ್ದಗಳು, ಆದರೂ ಸ್ಪೇನಿನಲ್ಲಿ ಹೆಣ್ಣಿನ ಹೆಸರುಗಳು. ಮಗಳಿಗೆ ‘ನೋವುಗಳು’ ಎಂದು ಹೆಸರಿಡುವ ತಾಯಿ ಮಗಳಿಗೆ ನೋವು ಬರಲೆಂದು ಬಯಸುವುದಿಲ್ಲ. ಶಿಲುಬೆಯ ಕೆಳಗೆ ನಿಂತ ಇನ್ನೊಬ್ಬ ತಾಯಿಯ ಜೊತೆ ತನ್ನ ಕೂಸನ್ನು ಸೇರಿಸುತ್ತಾಳೆ. ಈ ಹೆಸರುಗಳನ್ನು ಹಾಗೆ ಕೇಳಿಸಿಕೊಳ್ಳಬೇಕು.

ಹಾಗಾದರೆ ಮೆರ್ಸೆದೆಸ್ ಎಂಬ ಬಿರುದು ಹುಟ್ಟಿದ್ದು ಎಲ್ಲಿ? ಬಾರ್ಸಿಲೋನಾದಲ್ಲಿ, 1218ರ ಆಗಸ್ಟ್ ತಿಂಗಳಲ್ಲಿ.

ಆ ಕಾಲದ ಮೆಡಿಟರೇನಿಯನ್ ಸಮುದ್ರವನ್ನು ಕಣ್ಣಿಗೆ ತಂದುಕೊಳ್ಳಿ. ಉತ್ತರದ ದಂಡೆಯಲ್ಲಿ ಕ್ರೈಸ್ತ ರಾಜ್ಯಗಳು, ದಕ್ಷಿಣದ ದಂಡೆಯಲ್ಲಿ ಮುಸ್ಲಿಂ ರಾಜ್ಯಗಳು, ಸ್ಪೇನಿನ ಒಳಗೇ ಎರಡೂ. ಹಡಗು ಹಿಡಿದರೆ ಅದರಲ್ಲಿದ್ದವರು ಸೆರೆ. ಕರಾವಳಿಯ ಹಳ್ಳಿಗೆ ನುಗ್ಗಿದರೆ ಸಿಕ್ಕಿದವರು ಸೆರೆ. ಸೆರೆಯಾಳಿಗೆ ಎರಡೇ ದಾರಿ: ಗುಲಾಮನಾಗಿ ದುಡಿಯುವುದು, ಇಲ್ಲವೇ ಮನೆಯವರು ಒತ್ತೆಹಣ ಕಳಿಸುವವರೆಗೆ ಕಾಯುವುದು. ಇದು ಒಂದೇ ಕಡೆಯವರು ಮಾಡಿದ ಕ್ರೌರ್ಯವಲ್ಲ ಎನ್ನುವುದನ್ನು ಒತ್ತಿ ಹೇಳುತ್ತೇನೆ. ಬಾರ್ಸಿಲೋನಾ, ಮಯೋರ್ಕಾ, ವೇಲೆನ್ಸಿಯಾದ ಪೇಟೆಗಳಲ್ಲಿ ಮುಸ್ಲಿಂ ಸೆರೆಯಾಳುಗಳನ್ನು ಮಾರುತ್ತಿದ್ದರು, ಅವರ ಮನೆಯವರೂ ಆಚೆ ದಡದಲ್ಲಿ ಹೀಗೆಯೇ ಕಾಯುತ್ತಿದ್ದರು.

ಪೆದ್ರೊ ನೊಲಾಸ್ಕೊ ಎಂಬವನು, ಸಂಪ್ರದಾಯ ಹೇಳುವಂತೆ, ವ್ಯಾಪಾರಿ. ತನ್ನ ಸರಕು ಮಾರಿದ ಹಣದಿಂದ ಸೆರೆಯಾಳುಗಳನ್ನು ಬಿಡಿಸಿ ತರತೊಡಗಿದ. ಲ್ಯಾಟಿನ್ನಿನ ‘ಮೆರ್ಕ್ಸ್’ ನೆನಪಿದೆಯಲ್ಲ? ಸರಕು ಕರಗಿ ಮನುಷ್ಯನ ಬಿಡುಗಡೆಯಾದದ್ದು ಇಲ್ಲಿ. ಹಣ ತೀರಿದ ಮೇಲೆ ಭಿಕ್ಷೆ ಎತ್ತಿದ. ಆಗಸ್ಟ್ ಮೊದಲ ರಾತ್ರಿ ಅವನಿಗೆ ಮರಿಯಮ್ಮನ ದರ್ಶನವಾಯಿತೆಂದು ಭಕ್ತರ ನಂಬಿಕೆ. ಅದೇ ತಿಂಗಳ 10ರಂದು ಬಾರ್ಸಿಲೋನಾದ ಕೆಥೆಡ್ರಲ್‌ನಲ್ಲಿ, ಇನ್ನೂ ಹತ್ತು ವರ್ಷದ ಹುಡುಗನಾಗಿದ್ದ ಅರಗಾನಿನ ರಾಜ ಒಂದನೇ ಜೈಮೆಯ ಆಶ್ರಯದಲ್ಲಿ ಸನ್ಯಾಸಿಗಳ ಒಂದು ಸಭೆ ಹುಟ್ಟಿತು. ಅದಕ್ಕೆ ‘ಮೆರ್ಸೆದ್’ ಸಭೆ ಎಂದು ಹೆಸರು ನಿಂತಿತು. ಪೋಪ್ 9ನೇ ಗ್ರೆಗರಿ 1235ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟರು. ಬಿಳಿ ನಿಲುವಂಗಿ, ಎದೆಯ ಮೇಲೆ ಅರಗಾನಿನ ಕೆಂಪು-ಹಳದಿ ಪಟ್ಟೆಯ ಲಾಂಛನ. ಸೆರೆಯಾಳುಗಳನ್ನು ಬಿಡಿಸುವ ಕೆಲಸವನ್ನೇ ಆ ಕಾಲದ ಜನ ‘ಮೆರ್ಸೆದ್’ ಎನ್ನುತ್ತಿದ್ದರು. ಆ ಕೆಲಸದ ತಾಯಿ ಎಂಬ ಅರ್ಥದಲ್ಲಿ ಮರಿಯಮ್ಮ ‘ಮೆರ್ಸೆದ್‌ನ ಮಾತೆ’ ಆದಳು.

ಕ್ರೈಸ್ತ ಸನ್ಯಾಸಿಗಳು ಸಾಮಾನ್ಯವಾಗಿ ಮೂರು ವ್ರತ ತೊಡುತ್ತಾರೆ: ಬಡತನ, ಬ್ರಹ್ಮಚರ್ಯ, ವಿಧೇಯತೆ. ಇವರಿಗೆ ನಾಲ್ಕನೆಯದೊಂದು ಇತ್ತು. ಹಣ ಸಾಲದೆ ಹೋದರೆ, ಸೆರೆಯಾಳು ಮನಸ್ಸು ಮುರಿದು ತನ್ನ ನಂಬಿಕೆ ಬಿಡುವ ಹಂತಕ್ಕೆ ಬಂದಿದ್ದರೆ, ಅವನ ಜಾಗದಲ್ಲಿ ತಾನೇ ಒತ್ತೆಯಾಳಾಗಿ ಉಳಿಯುವುದು. ಇದನ್ನು ಓದಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ದಾನ ಕೊಡುವವರು ಎಲ್ಲ ಕಾಲದಲ್ಲೂ ಇದ್ದಾರೆ. ಚೀಲ ಬರಿದಾದ ಮೇಲೆ ತನ್ನ ಮೈಯನ್ನೇ ತಕ್ಕಡಿಗೆ ಹಾಕುತ್ತೇನೆಂದು ಮೊದಲೇ ಮಾತು ಕೊಡುವುದು ಬೇರೆಯೇ ಸಂಗತಿ.

ಹೀಗೆ ಉಳಿದವರಲ್ಲಿ ಜನ ಹೆಚ್ಚು ನೆನೆಯುವ ಸಂತ ರಾಮೋನ್ ನೊನಾತೊ. ನೊನಾತೊ ಅಂದರೆ ಹುಟ್ಟದವನು. ತಾಯಿ ಹೆರಿಗೆಗೆ ಮುಂಚೆಯೇ ತೀರಿಕೊಂಡಿದ್ದಳು, ಹೊಟ್ಟೆ ಕೊಯ್ದು ಕೂಸನ್ನು ತೆಗೆದರು ಎಂದು ಕಥೆ. ಹೀಗಾಗಿ ಸೂಲಗಿತ್ತಿಯರೂ ಬಸುರಿಯರೂ ಆತನಿಗೆ ಹರಕೆ ಹೊರುತ್ತಾರೆ. ಉತ್ತರ ಆಫ್ರಿಕಾದ ಅಲ್ಜಿಯರ್ಸ್‌ನಲ್ಲಿ ಒತ್ತೆಯಾಳಾಗಿದ್ದಾಗ ಉಪದೇಶ ನಿಲ್ಲಿಸಲಿಲ್ಲವೆಂದು ಅವನ ತುಟಿಗಳಿಗೆ ತೂತು ಹಾಕಿ ಬೀಗ ಜಡಿದರಂತೆ. ಇದೆಲ್ಲ ಐತಿಹ್ಯ. ಆದರೆ ಅವನ ಎಷ್ಟೋ ಚಿತ್ರಗಳಲ್ಲಿ ತುಟಿಯ ಮೇಲೆ ಬೀಗ ಇರುತ್ತದೆ. ಕೆಲವೆಡೆ ಭಕ್ತರು ಚಾಡಿಮಾತು, ಹುಸಿ ಅಪವಾದ ನಿಲ್ಲಲೆಂದು ಅವನ ಪೀಠದ ಮುಂದೆ ಇಂದಿಗೂ ಬೀಗ ತಂದಿಡುತ್ತಾರೆ.

ಬಿಡುಗಡೆಯ ಕೆಲಸ ನಡೆಯುತ್ತಿದ್ದ ಬಗೆಯನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಊರೂರಿನ ಚರ್ಚುಗಳಲ್ಲಿ ಕಾಣಿಕೆ ಎತ್ತುವುದು, ಸಾಯುವವರು ಉಯಿಲಿನಲ್ಲಿ ಬರೆದಿಟ್ಟ ಹಣ ಸೇರಿಸುವುದು, ಸೆರೆಯಾದವನ ಹೆಂಡತಿಯೋ ತಾಯಿಯೋ ಒಡವೆ ಮಾರಿ ತಂದದ್ದನ್ನು ಅವನ ಹೆಸರಿನಲ್ಲಿ ಬರೆದುಕೊಳ್ಳುವುದು. ಹಣ ಹೊರದೇಶಕ್ಕೆ ಒಯ್ಯಲು ರಾಜನ ಪರವಾನಗಿ ಬೇಕು. ಆಚೆ ದಡದಿಂದ ಅಭಯಪತ್ರ ಬೇಕು. ಅಲ್ಲಿ ಇಳಿದ ಕೂಡಲೇ ತಂದ ಹಣಕ್ಕೆ ಸುಂಕ. ಅಲ್ಜಿಯರ್ಸ್‌ನ ಆಡಳಿತಗಾರ ಪಾಶಾ ತನ್ನ ಸ್ವಂತ ಸೆರೆಯಾಳುಗಳನ್ನು ತಾನು ಹೇಳಿದ ಬೆಲೆಗೆ ಮೊದಲು ಕೊಳ್ಳಬೇಕೆಂದು ಹಟ ಹಿಡಿಯುತ್ತಿದ್ದ. ಉಳಿದದ್ದರಲ್ಲಿ ಮಿಕ್ಕವರ ಚೌಕಾಸಿ. ಪ್ರತಿಯೊಬ್ಬನ ಹೆಸರು, ಊರು, ವಯಸ್ಸು, ತೆತ್ತ ಬೆಲೆ, ಎಲ್ಲ ಪುಸ್ತಕಕ್ಕೆ ಏರುತ್ತಿತ್ತು. ಬಿಡುಗಡೆಯಾದವರನ್ನು ಊರಿನ ಬೀದಿಗಳಲ್ಲಿ ಮೆರವಣಿಗೆ ಮಾಡಿಸುತ್ತಿದ್ದರು. ಮುಂದಿನ ಪಯಣಕ್ಕೆ ಕಾಣಿಕೆ ಕೂಡುವುದು ಆ ಮೆರವಣಿಗೆಯಿಂದ. 17, 18ನೇ ಶತಮಾನಗಳಲ್ಲಿ ಬಿಡಿಸಿ ತಂದವರ ಪಟ್ಟಿಗಳನ್ನು ಅಚ್ಚು ಹಾಕಿಸಿ ಹಂಚುತ್ತಿದ್ದರು.

ಹಣ ಕೊಟ್ಟು ಬಿಡಿಸಿದರೆ ಹಿಡಿಯುವವನಿಗೆ ಇನ್ನಷ್ಟು ಹಿಡಿಯುವ ಆಸೆ ಹುಟ್ಟುವುದಿಲ್ಲವೇ? ಹುಟ್ಟುತ್ತದೆ. ಆ ಕಾಲದಲ್ಲೇ ಈ ವಾದ ಎದ್ದಿತ್ತು: ಈ ಹಣದಲ್ಲಿ ಯುದ್ಧದ ಹಡಗು ಕಟ್ಟಿಸಿ ಎಂದು ಹೇಳಿದವರಿದ್ದರು. ವಾದದಲ್ಲಿ ಹುರುಳಿದೆ. ಆದರೆ ಸರಪಳಿಯಲ್ಲಿರುವವನ ತಾಯಿಯ ಮುಂದೆ ಆ ವಾದ ಇಡಲು ನನಗಂತೂ ಬಾಯಿ ಬರುವುದಿಲ್ಲ.

ಒಬ್ಬ ಸೆರೆಯಾಳಿನ ಕಥೆ ಹೇಳುತ್ತೇನೆ, ನಿಮಗೆಲ್ಲ ಪರಿಚಯದ ಹೆಸರು. 1575ರ ಸೆಪ್ಟೆಂಬರಿನಲ್ಲಿ ನೇಪಲ್ಸ್‌ನಿಂದ ಸ್ಪೇನಿಗೆ ಮರಳುತ್ತಿದ್ದ ಹಡಗನ್ನು ಕಡಲ್ಗಳ್ಳರು ಹಿಡಿದರು. ಅದರಲ್ಲಿ ಅಣ್ಣ-ತಮ್ಮ ಇಬ್ಬರು ಸೈನಿಕರಿದ್ದರು, ಮಿಗೆಲ್ ದೆ ಸೆರ್ವಾಂತೆಸ್ ಮತ್ತು ರೋದ್ರಿಗೊ. ಮಿಗೆಲ್‌ನ ಎಡಗೈ 1571ರ ಲೆಪಾಂಟೊ ಯುದ್ಧದಲ್ಲೇ ಕೆಟ್ಟಿತ್ತು. ಕೈಯಲ್ಲಿ ದೊಡ್ಡವರು ಬರೆದುಕೊಟ್ಟ ಶಿಫಾರಸು ಪತ್ರಗಳಿದ್ದವು. ಅವೇ ಕುತ್ತಾದವು. ಅಲ್ಜಿಯರ್ಸ್‌ನಲ್ಲಿ ಅವನನ್ನು ಸೆರೆಯಲ್ಲಿಟ್ಟಿದ್ದ ಯಜಮಾನ ಪತ್ರ ನೋಡಿ ಇವನಾರೋ ದೊಡ್ಡ ಮನುಷ್ಯನೆಂದು ಬಗೆದು 500 ಚಿನ್ನದ ಎಸ್ಕೂದೊ ಬೆಲೆ ಕಟ್ಟಿದ. ಮನೆಯವರು ಬಡವರು. ಕೂಡಿಸಿದ್ದು ಇಬ್ಬರಿಗೂ ಸಾಲಲಿಲ್ಲ. 1577ರಲ್ಲಿ ಮೆರ್ಸೆದ್ ಸಭೆಯವರು ಬಂದಾಗ ಬಿಡುಗಡೆಯಾದವನು ರೋದ್ರಿಗೊ. ಮಿಗೆಲ್ ಉಳಿದ. ನಾಲ್ಕು ಸಲ ತಪ್ಪಿಸಿಕೊಳ್ಳಲು ನೋಡಿ ನಾಲ್ಕು ಸಲವೂ ಸಿಕ್ಕಿಬಿದ್ದ. 1580ರ ಸೆಪ್ಟೆಂಬರ್ 19ರಂದು, ಅವನನ್ನು ಕಾನ್‌ಸ್ಟಾಂಟಿನೋಪಲ್ಲಿಗೆ ಒಯ್ಯುವ ಹಡಗು ಹೊರಡುವ ಹೊತ್ತಿಗೆ, ಇದೇ ಕೆಲಸ ಮಾಡುತ್ತಿದ್ದ ಇನ್ನೊಂದು ಸಭೆಯ, ತ್ರಿತ್ವದ ಸಭೆಯ ಹುವಾನ್ ಹಿಲ್ ಎಂಬ ಸನ್ಯಾಸಿ ಹಣ ತೆತ್ತು ಬಿಡಿಸಿದರು. 25 ವರ್ಷ ಕಳೆದು, 1605ರಲ್ಲಿ, ಅವನು ಬರೆದ ಕಾದಂಬರಿ ‘ದೋನ್ ಕಿಹೋತೆ’ಯ (ಇಂಗ್ಲಿಷಿನವರ ಡಾನ್ ಕ್ವಿಕ್ಸೋಟ್) ಮೊದಲ ಭಾಗ ಅಚ್ಚಾಯಿತು. ಅದರೊಳಗೆ ಅಲ್ಜಿಯರ್ಸ್‌ನಲ್ಲಿ ಸೆರೆಯಾಗಿದ್ದವನೊಬ್ಬ ಹೇಳುವ ಉದ್ದನೆಯ ಕಥೆಯಿದೆ, ಅನುಭವಿಸಿದವನ ಕೈ ಬರೆದದ್ದು. ಆ 500 ಎಸ್ಕೂದೊ ಹೊಂದದೇ ಹೋಗಿದ್ದರೆ ಜಗತ್ತಿಗೆ ಆ ಕೃತಿ ಇರುತ್ತಿರಲಿಲ್ಲ.

ಅದೇ ಕೃತಿಯಿಂದ ಒಂದು ಅಡ್ಡದಾರಿ ಹಿಡಿಯುತ್ತೇನೆ, ಸ್ಪ್ಯಾನಿಷ್ ಕಲಿಯುತ್ತಿರುವವರಿಗೆ ಇದು ರುಚಿಸುತ್ತದೆ. ಅದರಲ್ಲಿ ಆಳು ಸಾಂಚೊ ತನ್ನ ಒಡೆಯ ದೋನ್ ಕಿಹೋತೆಯನ್ನು ‘ವುವೆಸ್ತ್ರಾ ಮೆರ್ಸೆದ್’ ಎಂದು ಕರೆಯುತ್ತಾನೆ, ತಮ್ಮ ಕೃಪೆ ಎಂದು. ನಮ್ಮ ಮಠಗಳಲ್ಲಿ ಸ್ವಾಮಿಗಳನ್ನು ‘ಸನ್ನಿಧಾನ ದಯಮಾಡಿಸಬೇಕು’ ಎಂದು ಬಿನ್ನವಿಸುವುದಿಲ್ಲವೇ, ಹಳೇ ಮೈಸೂರು ಕಡೆ ಆಳುಮಕ್ಕಳು ಧಣಿಯನ್ನು ‘ಬುದ್ಧೀ’ ಎಂದು ಕರೆಯುತ್ತಿರಲಿಲ್ಲವೇ, ಹಾಗೆ. ಎದುರಿಗಿರುವವರನ್ನು ನೇರವಾಗಿ ಮುಟ್ಟದೆ ಅವರ ಗುಣವನ್ನೋ ಇರವನ್ನೋ ಕರೆಯುವ ರೀತಿ. ‘ವುವೆಸ್ತ್ರಾ ಮೆರ್ಸೆದ್’ ಬಾಯಿಂದ ಬಾಯಿಗೆ ಸವೆಯಿತು. ವುವೆಸಾರ್ಸೆದ್, ವುಸ್ತೆದ್ ಎಂದು ಸವೆದು ಸವೆದು 17ನೇ ಶತಮಾನದಲ್ಲಿ ‘ಉಸ್ತೆದ್’ ಆಯಿತು. ಇವತ್ತು ಸ್ಪ್ಯಾನಿಷಿನಲ್ಲಿ ‘ನೀವು’ ಎನ್ನಲು ಇರುವ ಶಬ್ದ ಅದು. ಎದುರಿಗಿರುವವರಿಗೇ ಹೇಳಿದರೂ ಕ್ರಿಯಾಪದ ಪ್ರಥಮ ಪುರುಷದಲ್ಲಿ, ಅಂದರೆ ಅವನು, ಅವಳು ಎನ್ನುವಾಗಿನ ರೂಪದಲ್ಲಿ ಬರುವುದೇಕೆ ಎಂದು ಕಲಿಯುವವರು ತಲೆ ಕೆಡಿಸಿಕೊಳ್ಳುತ್ತಾರೆ. ಕಾರಣ ಇದೇ: ಮಾತಾಡುತ್ತಿರುವುದು ‘ತಮ್ಮ ಕೃಪೆ’ಯ ಬಗ್ಗೆ. ಕೊಲಂಬಿಯಾದ ಬೊಯಾಕಾ ಸೀಮೆಯಲ್ಲಿ ‘ಸುಮೆರ್ಸೆ’ ಎನ್ನುತ್ತಾರೆ. ಸಂತೆಯಲ್ಲಿ ಆಲೂಗಡ್ಡೆ ಮಾರುವ ಹೆಂಗಸು ಗಿರಾಕಿಗೂ ಹೇಳುತ್ತಾಳೆ, ತಾಯಿ ಮಗನಿಗೂ ಹೇಳುತ್ತಾಳೆ. ಆಳು ಒಡೆಯನಿಗೆ ಸಲ್ಲಿಸುತ್ತಿದ್ದ ಮರ್ಯಾದೆ ಅಲ್ಲಿ ಅಕ್ಕರೆಯಾಗಿದೆ.

ಇನ್ನೊಂದು ಬದಿಯನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ರಾಜ ಮೆಚ್ಚಿ ಕೊಡುವ ಉಂಬಳಿಗೂ ಸ್ಪ್ಯಾನಿಷಿನಲ್ಲಿ ‘ಮೆರ್ಸೆದ್’ ಎನ್ನುತ್ತಿದ್ದರು. ಮೆಕ್ಸಿಕೊ ಗೆದ್ದ ಮೇಲೆ ಸ್ಪೇನಿನ ರಾಜರು ತಮ್ಮವರಿಗೆ ಬರೆದುಕೊಟ್ಟ ಭೂಮಿಯ ಪತ್ರಗಳು ‘ಮೆರ್ಸೆದೆಸ್ ದೆ ತಿಯೆರ್ರಾಸ್’, ನೆಲದ ಕೃಪೆಗಳು. ಆ ನೆಲದಲ್ಲಿ ಮೊದಲೇ ಜನ ಇದ್ದರು, ಉಳುತ್ತಿದ್ದರು. ಪತ್ರ ಪಡೆದವನಿಗೆ ಅದು ಕೃಪೆ. ಕಳೆದುಕೊಂಡವನ ನುಡಿಯಲ್ಲಿ ಅದಕ್ಕೆ ಏನೆನ್ನಬೇಕು? ಸೆರೆಯಾಳನ್ನು ಬಿಡಿಸುವುದಕ್ಕೂ ನೆಲ ಕಸಿದು ಹಂಚುವುದಕ್ಕೂ ಒಂದೇ ಶಬ್ದ ದುಡಿದಿದೆ. ದಯೆಯ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಪ್ರಶ್ನೆಯನ್ನು ಪ್ರತಿಸಲವೂ ಕೇಳಬೇಕು ಎಂದು ನನಗನ್ನಿಸುವುದು ಇದಕ್ಕೆ.

ಮತ್ತೆ ಹೆಸರು ಹೊತ್ತ ಹೆಂಗಸರ ಕಡೆಗೆ. 1878ರ ಜನವರಿ 23ರಂದು ಸ್ಪೇನಿನ ರಾಜ 12ನೇ ಅಲ್ಫೋನ್ಸೊ ತನ್ನ ಚಿಕ್ಕಮ್ಮನ ಮಗಳು ಮರೀಯಾ ದೆ ಲಾಸ್ ಮೆರ್ಸೆದೆಸ್‌ಳನ್ನು ಮದುವೆಯಾದ. ರಾಜಮನೆತನದಲ್ಲಿ ಅಪರೂಪವಾದ ಪ್ರೀತಿಯ ಮದುವೆ. ಅವಳಿಗೆ 17 ವರ್ಷ. ಜೂನ್ 24ಕ್ಕೆ 18 ತುಂಬಿತು. 26ಕ್ಕೆ ತೀರಿಕೊಂಡಳು, ಜ್ವರ ಬಂದು. ಹಳೆಯದೊಂದು ಲಾವಣಿಯ ಧಾಟಿಗೆ ಜನ ಅವಳ ಹಾಡು ಕಟ್ಟಿದರು: ಎಲ್ಲಿಗೆ ಹೊರಟೆ ಅಲ್ಫೋನ್ಸೊ, ಇಷ್ಟು ದುಃಖದಲ್ಲಿ, ಎಂದು ಕೇಳುವುದು, ನಿನ್ನೆ ಸಂಜೆಯಿಂದ ಕಾಣದ ಮೆರ್ಸೆದೆಸ್‌ಳನ್ನು ಹುಡುಕಿ ಹೊರಟೆ ಎಂದು ಅವನು ಹೇಳುವುದು, ಅವಳು ಸತ್ತಳಲ್ಲ, ಮ್ಯಾಡ್ರಿಡ್ ಬೀದಿಗಳಲ್ಲಿ ಹೊತ್ತೊಯ್ದದ್ದನ್ನು ನಾವೇ ಕಂಡೆವಲ್ಲ ಎಂದು ಉತ್ತರ ಬರುವುದು. ತಲೆಮಾರುಗಳ ಕಾಲ ಹುಡುಗಿಯರು ಕೈಕೈ ಹಿಡಿದು ಸುತ್ತು ಬರುತ್ತಾ ಇದನ್ನು ಹಾಡಿದರು. ರಾಜ ಮತ್ತೆ ಮದುವೆಯಾದ. ಎರಡನೇ ರಾಣಿ ಮರೀಯಾ ಕ್ರಿಸ್ತೀನಾಳಿಗೆ 1880ರಲ್ಲಿ ಚೊಚ್ಚಲು ಹೆಣ್ಣಾಯಿತು. ಆ ಕೂಸಿಗೆ ಇಟ್ಟ ಹೆಸರು ಮರೀಯಾ ದೆ ಲಾಸ್ ಮೆರ್ಸೆದೆಸ್. ತೀರಿಹೋದ ಸವತಿಯ ಹೆಸರಿನಿಂದ ತನ್ನ ಮೊದಲ ಮಗುವನ್ನು ದಿನಾ ಕರೆದ ಆ ರಾಣಿಯ ಬಗ್ಗೆ ಹಾಡುಗಳಿಲ್ಲ. ಇರಬೇಕಿತ್ತು.

ಕಡಲಾಚೆ ಹೆಸರು ಇನ್ನೂ ಹರಡಿತು. 1812ರ ಸೆಪ್ಟೆಂಬರ್ 24, ಮೆರ್ಸೆದ್ ಮಾತೆಯ ಹಬ್ಬದ ದಿನ, ಅರ್ಜೆಂಟೀನಾದ ತುಕುಮಾನ್‌ನಲ್ಲಿ ಮಾನುವೆಲ್ ಬೆಲ್ಗ್ರಾನೊ ಸ್ಪೇನಿನ ಸೈನ್ಯವನ್ನು ಸೋಲಿಸಿದ. ಆಮೇಲೆ ನಡೆದ ಮೆರವಣಿಗೆಯಲ್ಲಿ ತನ್ನ ದಂಡನಾಯಕನ ಕೋಲನ್ನು ಮಾತೆಯ ಮೂರ್ತಿಯ ಕೈಗಿತ್ತು, ಸೈನ್ಯದ ಸೇನಾನಿ ಅವಳೇ ಎಂದು ಸಾರಿದ. ಸ್ಪೇನಿನಿಂದ ಬಂದ ಮಾತೆ ಸ್ಪೇನಿನ ವಿರುದ್ಧವೇ ನಿಂತಳು. ಅದೇ ತುಕುಮಾನ್‌ನಲ್ಲಿ 1935ರ ಜುಲೈ 9ರಂದು, ಅಂದರೆ ಅರ್ಜೆಂಟೀನಾದ ಸ್ವಾತಂತ್ರ್ಯ ದಿನದಂದು, ಬಡ ಕೂಲಿಕಾರರ ಮನೆಯಲ್ಲಿ ಹುಟ್ಟಿದವಳು ಗಾಯಕಿ ಮೆರ್ಸೆದೆಸ್ ಸೋಸಾ. ಸೈನಿಕ ಸರ್ಕಾರ ಅವಳ ಹಾಡಿಗೆ ಹೆದರಿತು. 1979ರಲ್ಲಿ ಲಾ ಪ್ಲಾತಾ ನಗರದಲ್ಲಿ ಕಛೇರಿ ನಡೆಯುತ್ತಿರುವಾಗಲೇ ಅವಳನ್ನೂ ಕೇಳುಗರನ್ನೂ ಬಂಧಿಸಿದರು. ದೇಶ ಬಿಟ್ಟು ಪ್ಯಾರಿಸ್, ಮ್ಯಾಡ್ರಿಡ್‌ಗಳಲ್ಲಿ ಇದ್ದು, 1982ರಲ್ಲಿ ಸೈನಿಕರ ಆಳ್ವಿಕೆ ಇನ್ನೂ ಇರುವಾಗಲೇ ಮರಳಿ ಬಂದು ಹಾಡಿದಳು. ಅವಳ ದನಿ ಕೇಳದವರು ಇವತ್ತೇ ಮನೆಗೆ ಹೋಗಿ ಕೇಳಿ. ಆ ಹೆಸರು ಹೊತ್ತವರಲ್ಲಿ ಅವಳಷ್ಟು ಅದಕ್ಕೆ ತಕ್ಕವಳು ನನಗೆ ಇನ್ನೊಬ್ಬಳು ಕಾಣುವುದಿಲ್ಲ.

ಕ್ಯೂಬಾದಲ್ಲಿ ಕಥೆ ಬೇರೆ. ಆಫ್ರಿಕಾದಿಂದ ಗುಲಾಮರಾಗಿ ಬಂದ ಯೊರುಬಾ ಜನ ತಮ್ಮ ದೇವರು ಒಬಾತಲಾನನ್ನು ಈ ಮಾತೆಯ ಹೆಸರಿನಲ್ಲಿ ಪೂಜಿಸಿದರು. ಇಬ್ಬರದೂ ಬಿಳಿ ಬಣ್ಣ. ಸೆಪ್ಟೆಂಬರ್ 24ರಂದು ಹವಾನಾದಲ್ಲಿ ಬಿಳಿ ಉಟ್ಟ ಜನ ಇವಳ ಗುಡಿಗೆ ಬರುತ್ತಾರೆ. ಸರಪಳಿ ಬಿಡಿಸುವ ಮಾತೆಯನ್ನು ಸರಪಳಿಯಲ್ಲಿ ಬಂದವರು ತಮ್ಮವಳನ್ನಾಗಿ ಮಾಡಿಕೊಂಡರು.

ಕ್ಯಾಲಿಫೋರ್ನಿಯಾದಲ್ಲಿ ಇರುವ ನಮ್ಮವರು ಯೊಸೆಮಿಟಿ ನೋಡಲು ಹೋದಾಗ ಕಣಿವೆಯಲ್ಲಿ ಹರಿಯುವ ಮರ್ಸೆಡ್ ನದಿಯನ್ನು ನೋಡಿರುತ್ತಾರೆ. 1806ರ ಸೆಪ್ಟೆಂಬರಿನಲ್ಲಿ, ಈ ಹಬ್ಬದ ಆಸುಪಾಸಿನಲ್ಲಿ, ಸ್ಪೇನಿನ ಸೈನಿಕರು ಇಟ್ಟ ಹೆಸರದು. ಇನ್ನೂ ಹತ್ತಿರಕ್ಕೆ ಬಂದರೆ ಪಣಜಿ ಪಕ್ಕದ ಮೆರ್ಸೆಸ್ ಎಂಬ ಊರು. ಪೋರ್ಚುಗೀಸರು ತಂದ ಇದೇ ಮಾತೆಯ ಹೆಸರು ಅದು. ಗೋವಾದಲ್ಲೇ ಇರುವ ಕೊಲ್ವಾದ 1630ರ ಚರ್ಚೂ ಈ ಮಾತೆಯದೇ.

ಬಾರ್ಸಿಲೋನಾದಲ್ಲಿ ಹೆಸರು ‘ಮೆರ್ಸೆ’, ಕ್ಯಾಟಲಾನ್ ನುಡಿಯಲ್ಲಿ. 1687ರಲ್ಲಿ ಮಿಡತೆಗಳ ಹಿಂಡು ಬೆಳೆ ತಿಂದಾಗ ನಗರಸಭೆ ಈ ಮಾತೆಗೆ ಮೊರೆಯಿಟ್ಟು ಅವಳನ್ನು ಊರಿನ ಪೋಷಕಿಯಾಗಿ ಆರಿಸಿತು. ಇಂದಿಗೂ ಸೆಪ್ಟೆಂಬರ್ 24ರ ಸುತ್ತ ಊರಿಗೆ ಊರೇ ಬೀದಿಗೆ ಬರುತ್ತದೆ: ಒಬ್ಬರ ಹೆಗಲ ಮೇಲೊಬ್ಬರು ನಿಂತು ಕಟ್ಟುವ ಮನುಷ್ಯ ಗೋಪುರಗಳು, ದೈತ್ಯ ಬೊಂಬೆಗಳು, ಕಿಡಿ ಕಾರುತ್ತ ಓಡುವ ದೆವ್ವಗಳ ವೇಷ. ಆದರೆ ಸರ್ವಾಧಿಕಾರಿ ಫ್ರಾಂಕೊನ ಆಳ್ವಿಕೆಯಲ್ಲಿ ‘ಮೆರ್ಸೆ’ ಎಂದು ಜನನ ದಾಖಲೆಯಲ್ಲಿ ಬರೆಸುವಂತಿರಲಿಲ್ಲ. ಕ್ಯಾಸ್ಟೀಲಿಯನ್, ಅಂದರೆ ಸ್ಪ್ಯಾನಿಷ್ ರೂಪ ‘ಮೆರ್ಸೆದೆಸ್’ ಮಾತ್ರ ನಡೆಯುತ್ತಿತ್ತು. ಮನೆಯಲ್ಲಿ ಒಂದು ಹೆಸರು, ಕಾಗದದಲ್ಲಿ ಇನ್ನೊಂದು. ಆ ಹೆಸರು ಹುಟ್ಟಿದ ಊರಿನಲ್ಲೇ ಅದರ ಊರ ರೂಪಕ್ಕೆ ನಿಷೇಧ! ಆ ನಿಷೇಧ ತೆಗೆದ 1977ರ ಕಾನೂನು ಬಂದ ಮೇಲೆ ಎಷ್ಟೋ ನಡುವಯಸ್ಸಿನ ಹೆಂಗಸರು ಕಚೇರಿಗೆ ಹೋಗಿ ತಮ್ಮ ಹೆಸರನ್ನು ತಿರುಗಿ ಬರೆಸಿಕೊಂಡರು.

ಈಗ ಹುಟ್ಟುವ ಮಕ್ಕಳಿಗೆ ಈ ಹೆಸರಿಡುತ್ತಾರೆಯೇ ಎಂದು ಇಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ. ಕಡಿಮೆ. ಸ್ಪೇನಿನಲ್ಲಿ ಮೆರ್ಸೆದೆಸ್ ಅಂದರೆ ಈಗ ಅಜ್ಜಿಯ ಹೆಸರು, ಅತ್ತೆಯ ಹೆಸರು. ಮನೆಯಲ್ಲಿ ಅವಳು ಮೆರ್ಚೆ, ಚಿಕ್ಕವಳಿದ್ದಾಗ ಮೆರ್ಸೆದೀತಾಸ್, ಮೆಕ್ಸಿಕೊದಲ್ಲಿ ಮೆಚೆ. ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವ ಮನೆಗಳು ಇನ್ನೂ ಇವೆ, ಹಾಗಾಗಿ ಹೆಸರು ಅಳಿಯುವಂತಿಲ್ಲ. ಮರೀಯಾ, ಲೂಸಿಯಾಗಳ ಮುಂದೆ ಹಿಂದೆ ಬಿದ್ದಿದೆ, ಅಷ್ಟೇ.

ಸೆರೆಯಾಳುಗಳನ್ನು ಬಿಡಿಸುತ್ತಿದ್ದ ಆ ಮೆರ್ಸೆದ್ ಸಭೆ ಇನ್ನೂ ಇದೆಯೇ ಎಂಬುದು ಇನ್ನೊಂದು ಪ್ರಶ್ನೆ. ಇದೆ. ಸ್ಪೇನಿನ ಕಾರಾಗೃಹಗಳಿಗೆ ಪೋಷಕಿ ಈ ಮಾತೆಯೇ, ಸೆಪ್ಟೆಂಬರ್ 24 ಅಲ್ಲಿ ಹಬ್ಬ. ಮೆರ್ಸೆದ್ ಸಭೆಯವರು ಜೈಲುಗಳಲ್ಲಿ, ಜೈಲಿನಿಂದ ಹೊರಬಂದು ಹೋಗಲು ಮನೆಯಿಲ್ಲದವರ ನಡುವೆ, ನೆಲೆ ತಪ್ಪಿ ಬಂದ ವಲಸಿಗರ ನಡುವೆ, ಮಾರಾಟವಾದ ಹೆಣ್ಣುಮಕ್ಕಳ ನಡುವೆ ಕೆಲಸ ಮಾಡುತ್ತಿದ್ದಾರೆ. ಸೇರುವವರು ನಾಲ್ಕನೆಯ ವ್ರತವನ್ನು ಈಗಲೂ ತೊಡುತ್ತಾರೆ.